ಖಾಲಿ ಕೊಡಬಾರದ ಡಬ್ಬಿ

ವೈಟ್‌ಫೀಲ್ಡ್ ಹತ್ತಿರ ನಾನಿರೋದು ಬಾಡಿಗೆ ಮನೆ, ಮೊದಲನೇ ಮಹಡಿ. ಕೆಳಗಡೆ ಓನರ್ ಆಂಟಿ. ಈ ಊರು ಬರೀ ಹಳ್ಳಿಯಾಗಿದ್ದಾಗ ಅವರದು ರಾಗಿ ಹೊಲ, ಈಗ ಅಲ್ಲಿ ನಮ್ಮ ಆಫೀಸಿದೆ. ನನ್ನ ಕೆಲಸ ಔಷಧಿಗಳ ಪೇಟೆಂಟ್ ಅರ್ಜಿ ಬರೆಯೋದು. ಪೇಟೆಂಟ್ ಇರೋತನಕ ಆ ಔಷಧಿಯನ್ನ ಬೇರೆ ಯಾರೂ ತಯಾರಿಸೋ ಹಾಗಿಲ್ಲ. ಇದನ್ನೆಲ್ಲ ಬಿಡಿಸಿ ಹೇಳೋ ತಾಪತ್ರಯ ಯಾಕೆ ಅಂತ ಆಂಟಿಗೆ 'ಕಂಪ್ಯೂಟರ್ ಕೆಲಸ' ಅಂದಿದ್ದೆ.

ಮೂರು ವರ್ಷದ ಕೆಳಗೆ ಒಂದು ಕ್ಯಾನ್ಸರ್ ಮಾತ್ರೆಯ ಪೇಟೆಂಟ್ ಮುಗಿಯೋಕೆ ಬಂದಿತ್ತು. ಕಂಪನಿಗೆ ಅದು ಮುಗಿಯೋದು ಬೇಕಿರಲಿಲ್ಲ. ಮಾತ್ರೆಯ ಮೇಲಿನ ಲೇಪ ಸ್ವಲ್ಪ ಬದಲಾಯಿಸಿದರು, ಒಳಗಿನ ಔಷಧಿ ಅದೇ. ಆ ಲೇಪವನ್ನ ಮಹಾ ಆವಿಷ್ಕಾರ ಅನ್ನೋ ಹಾಗೆ ನಲವತ್ತು ಪುಟ ಬರೆದವಳು ನಾನು. ಚೆನ್ನಾಗೇ ಬರೆದೆ, ಸುಳ್ಳು ಯಾಕೆ ಹೇಳಲಿ. ಹೊಸ ಪೇಟೆಂಟ್ ಸಿಕ್ಕ ದಿನ ಆಫೀಸಲ್ಲಿ ಮೈಸೂರ್ ಪಾಕ್ ಹಂಚಿದರು. ಆಂಟಿ ಅವರೇಕಾಳು ಸಾರು ಕಳಿಸಿದ್ದ ಸ್ಟೀಲ್ ಡಬ್ಬಿ ನನ್ನ ಹತ್ತಿರವೇ ಉಳಿದಿತ್ತು. ಖಾಲಿ ಡಬ್ಬಿ ವಾಪಸ್ ಕೊಡಬಾರದಲ್ಲ, ಅದರಲ್ಲಿ ನಾಲ್ಕು ತುಂಡು ಹಾಕಿ ಕೊಟ್ಟೆ. "ಇನ್ನೂ ಮೇಲಕ್ಕೆ ಬಾ ಮಗ" ಅಂತ ಹರಸಿದರು.

ಹೋದ ವರ್ಷ ಅವರಿಗೇ ಕ್ಯಾನ್ಸರ್ ಅಂತ ಗೊತ್ತಾಯಿತು. ಈಚೆಗೆ ಒಂದು ಬೆಳಿಗ್ಗೆ ಮಾತ್ರೆ ಪೆಟ್ಟಿಗೆ ಹಿಡಿದು ಬಂದು, "ದಿನ ಬಿಟ್ಟು ದಿನ ತಗೊಂಡ್ರೆ ಆಯ್ತದಾ, ಇದ್ರಲ್ಲೇನ್ ಬರ್ದವ್ರೆ ನೋಡಮ್ಮ" ಅಂದರು. ಅವರಿಗೆ ಬರೋ ಮೂರು ಮನೆ ಬಾಡಿಗೆ ಸೇರಿಸಿದರೂ ಒಂದು ತಿಂಗಳ ಮಾತ್ರೆಗೆ ಸಾಲದು. ಅದಕ್ಕೆ ಹಾಗೆ ಎಳೆಯುತ್ತಿದ್ದರು. ಬೇರೆ ಕಂಪನಿಯ ಅಗ್ಗದ ಮಾತ್ರೆ ಬರುತ್ತೆ ಅಂತ ಡಾಕ್ಟರು ಹೇಳಿದ್ದರಂತೆ, ಈಗ ಅದು ಕೋರ್ಟಲ್ಲಿ ನಿಂತಿದೆಯಂತೆ. ಪೆಟ್ಟಿಗೆ ಮೇಲಿನ ಹೆಸರು ಓದಿದೆ. ನಾನು ಅರ್ಜಿ ಬರೆದ ಅದೇ ಮಾತ್ರೆ.

ದಿನಾ ತಗೋಳಲೇಬೇಕು ಅಂದೆ. ಆಮೇಲೆ ತಡೆಯೋಕಾಗದೆ ಎಲ್ಲ ಹೇಳಿಬಿಟ್ಟೆ. ಅಗ್ಗದ್ದು ಬರದ ಹಾಗೆ ಅಡ್ಡ ನಿಂತಿರೋ ಕಾಗದ ಬರೆದಿದ್ದು ನಾನೇ ಆಂಟಿ ಅಂದೆ. ಬೈತಾರೆ, ಮನೆ ಖಾಲಿ ಮಾಡು ಅಂತಾರೆ ಅಂದ್ಕೊಂಡಿದ್ದೆ. ಅಂದಿದ್ದರೆ ಎಷ್ಟೋ ವಾಸಿಯಿತ್ತು. ಆಂಟಿಯ ಮುಖ ಅರಳಿತು. "ಅಂಗಾದ್ರೆ ನಿಮ್ಮೋರೇ ಅನ್ನು. ನಿಮ್ ಸಾಯೇಬ್ರನ್ನ ಒಂದ್ ಮಾತು ಕೇಳಮ್ಮ, ಬಿಟ್ಬಿಡ್ಲಿ."

ನಾನು ಕೇಳಿದರೆ ಪೇಟೆಂಟ್ ಬಿಡೋರು ಯಾರೂ ಇಲ್ಲ, ನಿಜ. ಆದರೂ ಕೇಳಬಹುದಿತ್ತು. ಕೇಳಲಿಲ್ಲ. ಅಪ್ರೈಸಲ್ ಹತ್ತಿರ ಬಂದಿತ್ತು. ದಿನಾ ಬೆಳಿಗ್ಗೆ ಗೇಟ್ ಹತ್ತಿರ ಆಂಟಿ, "ಕೇಳಿದ್ಯೇನಮ್ಮ?" ಒಂದು ವಾರ ಸಾರ್ ರಜದಲ್ಲಿದ್ದಾರೆ ಅಂದೆ, ಇನ್ನೊಂದು ವಾರ ಮೀಟಿಂಗ್ ಅಂದೆ. ಕೊನೆಗೆ ಪೀಡೆ ತೊಲಗಲಿ ಅಂತ, "ಕೇಳಿದೀನಿ ಆಂಟಿ, ಬಿಡ್ತಾರಂತೆ" ಅಂದುಬಿಟ್ಟೆ. ಪೀಡೆ ಅಂದುಕೊಂಡಿದ್ದು ಆ ಹೆಂಗಸನ್ನ. ನನ್ನ ಜನ್ಮಕ್ಕಿಷ್ಟು.

ಮಾರನೇ ದಿನ ಅದೇ ಡಬ್ಬಿಯ ತುಂಬ ಕಜ್ಜಾಯ. "ನಿಮ್ ಸಾಯೇಬ್ರಿಗೆ ಕೊಡು. ಇವತ್ತಿಂದ ದಿನಾ ನುಂಗ್ತಾ ಇವ್ನಿ ಕಣಮ್ಮ, ಅನ್ನೊಂದು ಮಾತ್ರೆ ಉಳ್ದವೆ. ಅಷ್ಟ್ರಲ್ಲಿ ಅಗ್ಗದ್ದು ಬಂದ್ಬುಡ್ತದಲ್ಲ." ಸುಳ್ಳು ಅಂತ ಹೇಳೋಕೆ ಆಗಲೂ ಸಮಯವಿತ್ತು. ಡಬ್ಬಿ ಇಸ್ಕೊಂಡು ಆಫೀಸಿಗೆ ಹೋದೆ. ಕಾಫಿ ಮೆಷಿನ್ ಹತ್ತಿರ ಎಲ್ಲರೂ ತಿಂದರು. ನಮ್ಮ ಸಾರ್ ಎರಡು ತಗೊಂಡು, ಸಕ್ಕತ್ತಾಗಿದೆ, ಯಾರು ಮಾಡಿದ್ದು ಅಂದರು. ಅಮ್ಮ ಊರಿಂದ ಕಳಿಸಿದ್ದು ಅಂದೆ.

ಡಬ್ಬಿ ತೊಳೆದು ಅಡುಗೆಮನೆ ಕಟ್ಟೆ ಮೇಲಿಟ್ಟು ಇವತ್ತಿಗೆ ಹನ್ನೆರಡು ದಿನ, ಆಂಟಿ ಹತ್ತಿರ ಉಳಿದಿದ್ದ ಮಾತ್ರೆ ಹನ್ನೊಂದು. ಖಾಲಿ ಕೊಡೋ ಹಾಗಿಲ್ಲ, ಏನು ಹಾಕಿ ಕೊಡಲಿ ಅಂತ ಗೊತ್ತಾಗ್ತಿಲ್ಲ. ಬೆಳಿಗ್ಗೆ ಗೇಟ್ ಹತ್ತಿರ ಆಂಟಿ ನಿಂತಿದ್ದರು. ನನ್ನ ನೋಡಿ ನಕ್ಕರು. ನನ್ನ ಮೇಲೆ ನಂಬಿಕೆ ಅವರಿಗೆ, ಈಗ ಏನೂ ಕೇಳೋದಿಲ್ಲ.