ಬೈದವರು ಉಳಿಸಿದ ಗ್ರೀಕ

ಸಾರಿನ ಬಟ್ಟಲು ಮುಂದಿಟ್ಟ ಕೂಡಲೇ ಹಬೆಗೆ ಮಾಸ್ತರ ದಪ್ಪ ಕನ್ನಡಕ ಮಂಜಾಗುತ್ತಿತ್ತು. ಒರೆಸಿಕೊಳ್ಳುತ್ತಿರಲಿಲ್ಲ. ಆ ಮಂಜಿನ ಹಿಂದಿನಿಂದಲೇ ಮಾತು ಶುರು. ಮಾತೆಲ್ಲ ಒಬ್ಬನ ಬಗ್ಗೆಯೇ: ಎರಡು ಸಾವಿರ ವರ್ಷಕ್ಕೂ ಹಿಂದಿನ, ಯಾರೂ ಹೆಸರು ಕೇಳದ ಒಬ್ಬ ಗ್ರೀಕ್ ಚರಿತ್ರೆಕಾರ.

ಮಾಸ್ತರು ಉಡುಪಿ ಕಡೆಯವರು. ಇಲ್ಲಿ, ಮಲೇಷ್ಯಾದ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಕಲಿಸಿ ನಿವೃತ್ತರಾದವರು. ಮೂಳೆಗಳ ಹೆಸರಿನ ಬೆನ್ನು ಹತ್ತಿ ಗ್ರೀಕ್ ಕಲಿತರಂತೆ. ನಾನು ಧಾರವಾಡದ ಕಡೆಯವನು, ಏಳನೆಯ ಇಯತ್ತೆಗೇ ಶಾಲೆ ಬಿಟ್ಟವನು. ಈ ಪೆಟಾಲಿಂಗ್ ಜಯಾ ಊರಿನಲ್ಲಿ ಊಟದ ಅಂಗಡಿ ಕಟ್ಟಿದ್ದು ಈ ಎರಡು ಕೈಗಳಿಂದ; ಯಾರ ಮುಂದೂ ತಲೆ ತಗ್ಗಿಸಿದವನಲ್ಲ. ಅವರೂ ನನ್ನನ್ನು ಕಡಿಮೆ ಎಣಿಸಿ ಮಾತಾಡಿದವರಲ್ಲ.

“ಆ ಮನುಷ್ಯಾ ಬರದ ಪುಸ್ತಕ ಎಲ್ಲಿ ಸಿಗ್ತಾವ್ರೀ ಮಾಸ್ತರ?” ಎಂದು ಒಮ್ಮೆ ಕೇಳಿದೆ.

“ಒಂದೂ ಇಲ್ಲ ಮಾರಾಯ್ರೆ, ಎಲ್ಲ ಹಾಳಾಗಿ ಹೋಗಿದೆ. ಆಮೇಲಿನವರು ‘ನೋಡಿ, ಈ ಮೂರ್ಖ ಹೀಗೆ ಬರೆದಿದ್ದಾನೆ’ ಅಂತ ಬೈಲಿಕ್ಕೆ ಅವನ ಸಾಲು ಎತ್ತಿ ಬರೆದರಲ್ಲ, ಅಷ್ಟೇ ಉಳಿದದ್ದು. ಹೊಗಳಿದವರು ಹೊಗಳಿ ಹೋದರು. ಬೈದವರು ಉಳಿಸಿದರು!”

ಅವರಿಗೆ ಇದ್ದದ್ದು ಒಂದೇ ಆಸೆ. ಅವನ ಕಥೆಯನ್ನು ಒಮ್ಮೆ ಕನ್ನಡದಲ್ಲಿ, ನಮ್ಮವರ ಮುಂದೆ ಹೇಳಬೇಕು. ಕನ್ನಡ ಸಂಘದವರು ‘ಮುಂದಿನ ವರ್ಷ’ ಎನ್ನುತ್ತಲೇ ಬಂದರು. ಕೊನೆಗೂ ಒಂದು ರಾಜ್ಯೋತ್ಸವಕ್ಕೆ ಒಪ್ಪಿದರು, ಡಾನ್ಸ್ ಮುಗಿದ ಮೇಲೆ, ಊಟಕ್ಕೆ ಮೊದಲು. ಅಷ್ಟರಲ್ಲಿ ಮಾಸ್ತರ ಕಣ್ಣು, ಎದೆ ಎರಡೂ ಸೋತಿದ್ದವು. ಇನ್ನೊಂದು ‘ಮುಂದಿನ ವರ್ಷ’ ಇಲ್ಲವೆಂದು ಅವರಿಗೂ ಗೊತ್ತಿತ್ತು, ನನಗೂ.

ಅಡುಗೆ ನನ್ನದು. ಮಾಸ್ತರು ಮೈಕ್ ಹಿಡಿದದ್ದೇ ತಡ, ಜನ ಎದ್ದು ತಟ್ಟೆಯ ಕಡೆ ಹೊರಟರು. ಸಂಘದ ಕಾರ್ಯದರ್ಶಿ ಓಡಿ ಬಂದ.

“ಬಾಸ್, ಓಪನ್ ಮಾಡಿ ಲಾ! ಎಲ್ರಿಗೂ ಹಸಿವು.”

ನಾನು ಬಿಸಿಬೇಳೆಬಾತಿನ ಮುಚ್ಚಳದ ಮೇಲೆ ಕೈಯೂರಿ ನಿಂತೆ. “ಮಾಸ್ತರ ಮಾತು ಮುಗಿಯೋ ತನಕ ಇದನ್ನ ತಗಿಯಂಗಿಲ್ರೀ. ಅವಸರ ಇದ್ರ ಹೊರಗ ಮಾಮಕ್ ತಿಂಡಿ ಅಂಗಡಿ ಐತಿ, ಏನರ ತಪಾವ್, ಪಾರ್ಸಲ್ ಕಟ್ಟಿಸ್ಕೊಂಡ್ ತಿನ್ರಿ.”

ಗೊಣಗಿದರು, ಬೈದರು, ಕೂತರು. ಮಾಸ್ತರು ಚೀಟಿ ನೋಡದೆ ಹೇಳುತ್ತ ಹೋದರು: ಅವನು ಬರೆದ ರಾಜರು, ಅವನು ಹೊಸೆದ ಸುಳ್ಳು, ಅವನನ್ನು ಹಿಡಿದು ಹಿಡಿದು ಬೈದ ವೈರಿಗಳು. ಗೊಣಗಾಟ ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ಕಾರ್ಯದರ್ಶಿಯ ಮಗಳೇ ಎದ್ದು ಕೇಳಿದಳು, “ಸೋ ಅಂಕಲ್, ಹಿಸ್ ಹೇಟರ್ಸ್ ಸೇವ್ಡ್ ಹಿಮ್?”

“ಅದೇ ಮಗಾ, ಅದೇ!” ಸಭೆ ಎದ್ದು ಚಪ್ಪಾಳೆ ತಟ್ಟಿತು.

ಮಾಸ್ತರು ಕೆಳಗಿಳಿದು ನೇರ ನನ್ನ ಬಳಿಗೆ ಬಂದರು. “ತೆಗೀರಿ ಮಾರಾಯ್ರೆ ಮುಚ್ಚಳ. ಗೆದ್ದ ನಮ್ಮವ!” ಆ ದಿನ ಅವರ ಕನ್ನಡಕ ಮಂಜಾಗಲಿಲ್ಲ, ಬಾತ್ ಅಷ್ಟು ತಣ್ಣಗಾಗಿತ್ತು.

ಯುಗಾದಿಗೆ ಅವರು ಇರಲಿಲ್ಲ.

ಈಗಲೂ ಪ್ರತಿ ರಾಜ್ಯೋತ್ಸವದಲ್ಲಿ ಯಾರಾದರೊಬ್ಬರು ತಟ್ಟೆ ಹಿಡಿದು ಬೈಯುತ್ತಾರೆ: “ಒಂದ್ ವರ್ಷ ಒಬ್ರು ಮೇಷ್ಟ್ರು ಯಾವನೋ ಗ್ರೀಕ್‌ನವನ ಕಥೆ ಹೇಳಿ ಊಟಾನೇ ತಣ್ಣಗೆ ಮಾಡಿಬಿಟ್ರು ಕಣ್ರೀ!” ಹೊಸಬರು “ಯಾವ ಗ್ರೀಕ್?” ಎನ್ನುತ್ತಾರೆ. ಕಥೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಬೈದವರ ತಟ್ಟೆಗೆ ನಾನು ಒಂದು ಸೌಟು ಹೆಚ್ಚಿಗೆ ಬಡಿಸುತ್ತೇನೆ.