ಹಳೆ ಶಾಲೆಯ ಪಾಲು

ನಮ್ಮ ಗ್ಯಾರೇಜಿನಲ್ಲಿ ಕಾರು ನಿಂತದ್ದು ಒಂದೇ ಚಳಿಗಾಲ. ಆಮೇಲೆ ನನ್ನ ಗಂಡ ಅದನ್ನು ಬೇಟೆಯ ಮಾಂಸ ಕೊಯ್ಯುವ ಕೋಣೆ ಮಾಡುತ್ತೇನೆಂದು ಹೊರಟರು. ಸ್ವೀಡನ್ನಿನ ಗೋಥೆನ್‌ಬರ್ಗ್‌ನಿಂದ ಟ್ರಾಮು ಇಳಿದು ಬಸ್ಸು ಹತ್ತಿ ಬರುವಷ್ಟು ದೂರದ ಹಳ್ಳಿಯಲ್ಲಿ, ಮಕ್ಕಳಿಲ್ಲದೆ ಮುಚ್ಚಿಹೋದ ಶಾಲೆಯ ಕಟ್ಟಡವನ್ನು ನಾವು ಮನೆಯಾಗಿ ಕೊಂಡಿದ್ದೆವು. ಊರಿನವರ ನಾಲಿಗೆಗೆ ನಮ್ಮ ಹೆಸರು ಹೊರಳುವುದಿಲ್ಲ. ಅವರಿಗೆ ನಾವು ‘ಹಳೆ ಶಾಲೆ’, ಅಷ್ಟೇ.

ಮಂಗಳೂರಿನಲ್ಲಿ ಕೋಳಿ ಕೊಯ್ಯುವಾಗ ಹಿತ್ತಿಲಿಗೂ ಬಾರದಿದ್ದ ಮನುಷ್ಯ ಇಲ್ಲಿ ಐವತ್ತರ ಹತ್ತಿರ ಬಂದಮೇಲೆ ಸ್ವೀಡಿಷ್‌ನಲ್ಲಿ ಬೇಟೆಯ ಪರೀಕ್ಷೆ ಪಾಸು ಮಾಡಿ ಊರಿನ ಬೇಟೆ ತಂಡ ಸೇರಿದರು. ಶರತ್ಕಾಲದಲ್ಲಿ ತಂಡದವರು ಮೂಸ್ ಹೊಡೆಯುತ್ತಾರೆ. ಕುದುರೆಗಿಂತ ಎತ್ತರ ಬೆಳೆಯುವ ಜಿಂಕೆ ಜಾತಿ ಅದು. ಕೊಯ್ಯಲು ಅವರಿಗೆ ಇದ್ದದ್ದು ಮಾಡು ಸೋರುವ ಒಂದು ಕೊಟ್ಟಿಗೆ. ನಮ್ಮ ಗ್ಯಾರೇಜು ಕೊಡುತ್ತೇನೆಂದು ಇವರು ಮಾತು ಕೊಟ್ಟು ಬಂದರು, ನನ್ನನ್ನು ಒಂದು ಮಾತೂ ಕೇಳದೆ. ನಾನು ರೇಗಿದೆ. ಕಾರನ್ನು ಹಿಮದಲ್ಲಿ ನಿಲ್ಲಿಸಿ ಸತ್ತ ಪ್ರಾಣಿಯನ್ನು ಒಳಗೆ ಇಡುವ ಮನೆ ಲೋಕದಲ್ಲಿ ನಮ್ಮದೊಂದೇ ಇರಬೇಕು ಎಂದೆ.

“ಜನ ಮನೆಗೆ ಬರ್ತಾರಲ್ಲ ಮಾರಾಯ್ತಿ” ಎಂದರು.

ಇಲ್ಲಿ ಕರೆಯದೆ ಯಾರೂ ಯಾರ ಮನೆಗೂ ಬರುವುದಿಲ್ಲ. ಈ ದೇಶದಲ್ಲಿ ಕಳೆದ ಅಷ್ಟು ವರ್ಷಗಳಲ್ಲಿ ನಮ್ಮ ಬಾಗಿಲು ತಟ್ಟಿದವರೆಂದರೆ ಪಾರ್ಸೆಲ್ ತರುವವರು ಮಾತ್ರ.

ಇವರು ನೆಲ ಅಗೆಸಿ ನೀರು ಹೋಗಲು ಚರಂಡಿ ಕೂರಿಸಿದರು. ಎರಡು ಗೋಡೆಗಳಿಗೆ ತೊಳೆಯಲು ಬರುವ ಬಿಳಿ ಹಲಗೆ ಹೊಡೆದರು. ಮೂರನೆಯದಕ್ಕೆ ಅಳತೆ ತೆಗೆದಿದ್ದರು. ಆ ವಸಂತದಲ್ಲಿ, ಆಫೀಸಿನಿಂದ ಬರುವಾಗ, ಟ್ರಾಮಿನಲ್ಲಿ ಕುಳಿತಲ್ಲೇ ಇವರ ಹೃದಯ ನಿಂತಿತು. ಕೊನೆಯ ಸ್ಟಾಪಿನಲ್ಲಿ ಚಾಲಕಿ ಎಬ್ಬಿಸಲು ಹೋದಾಗಲೇ ಗೊತ್ತಾದದ್ದು. ಪಕ್ಕದ ಸೀಟಿನಲ್ಲಿ ಯಾರೂ ಕುಳಿತಿರಲಿಲ್ಲವಂತೆ. ಇಲ್ಲಿ ಎಲ್ಲರೂ ಒಂದು ಸೀಟು ಬಿಟ್ಟೇ ಕೂರುವುದು.

ದಕ್ಷಿಣದ ಹೆಲ್ಸಿಂಗ್‌ಬೋರ್ಗ್ ಪಟ್ಟಣದಲ್ಲಿ ಕೆಲಸ ಮಾಡುವ ಮಗಳು ಬಂದು ಕೆಲವು ವಾರ ಇದ್ದು ಹೋದಳು. ಮನೆ ಮಾರಿ ತನ್ನ ಊರಿಗೆ ಬಾ ಎಂದಳು. ನಾನು ಹೂಂ ಎಂದೂ ಹೇಳಲಿಲ್ಲ, ಊಹೂಂ ಎಂದೂ ಹೇಳಲಿಲ್ಲ. ನನ್ನ ಕೆಲಸ ಮನೆಯಿಂದಲೇ. ಹಗಲು ಪರದೆಯ ಮೇಲಿನ ಮುಖಗಳ ಜೊತೆ ಇಂಗ್ಲಿಷಿನಲ್ಲಿ ಮಾತಾಡಿ ಲ್ಯಾಪ್‌ಟಾಪ್ ಮುಚ್ಚಿದರೆ ಮರುದಿನದ ತನಕ ನನ್ನ ಸ್ವರ ನನಗೇ ಕೇಳುತ್ತಿರಲಿಲ್ಲ. ಅಂಗಡಿಗೆ ಹೋದರೂ ಯಂತ್ರಕ್ಕೆ ಕಾರ್ಡು ತೋರಿಸಿ ಬರುವುದು. ಯಾರಾದರೂ ಹೇಗಿದ್ದೀಯ ಎಂದು ಕೇಳಿದರೆ, “ನಾವು ಚೆನ್ನಾಗಿದ್ದೇವೆ” ಎಂದೇ ಬಾಯಿಗೆ ಬರುತ್ತಿತ್ತು. ತಿದ್ದಿಕೊಳ್ಳಲು ಮನಸ್ಸಾಗುತ್ತಿರಲಿಲ್ಲ.

ಬೇಸಿಗೆಯಲ್ಲಿ ಗ್ಯಾರೇಜಿನ ಕೆಲಸ ನಾನೇ ಮುಂದುವರಿಸಿದೆ. ವಿಡಿಯೋ ನೋಡಿ ಉಳಿದ ಹಲಗೆ ಹೊಡೆದೆ, ನೆಲಕ್ಕೆ ದಪ್ಪ ಬಣ್ಣ ಬಳಿದೆ. ಮಾಡಿನ ಕೆಳಗೆ ಕಬ್ಬಿಣದ ಹಳಿ, ಅದರಲ್ಲಿ ಜಾರುವ ಕೊಕ್ಕೆಗಳು, ಬಿಸಿನೀರಿನ ಸಿಂಕು, ಸ್ಟೀಲಿನ ಉದ್ದ ಮೇಜು, ಮುಚ್ಚಿಹೋದ ಪಿಜ್ಜಾ ಅಂಗಡಿಯ ಹಳೆ ಕೂಲಿಂಗ್ ಯಂತ್ರ. ಅಪ್ಪನ ಆಸೆ ತೀರಿಸುತ್ತಿದ್ದೀಯ ಎಂದು ಮಗಳು ವಿಡಿಯೋ ಕರೆಯಲ್ಲಿ ಕಣ್ಣೊರೆಸಿಕೊಂಡಳು. ನಾನು ಅಷ್ಟು ಒಳ್ಳೆಯವಳಲ್ಲ. ಕೋಣೆ ತಯಾರಾದರೆ ತಂಡದವರು ಬರುತ್ತಾರೆ, ಬಂದರೆ ಮನೆಯಲ್ಲಿ ಮನುಷ್ಯರ ಸದ್ದು ಇರುತ್ತದೆ. ನನಗೆ ಬೇಕಿದ್ದದ್ದು ಅದು.

ಅಕ್ಟೋಬರಿನಲ್ಲಿ ಅವರು ಬಂದರು. ಮೊದಲ ಮೂಸ್ ಕೆಲವು ದಿನ ಹಳಿಯಲ್ಲಿ ನೇತಾಡಿ ಹದವಾಯಿತು. ಶನಿವಾರ ಬೆಳಿಗ್ಗೆ ರಬ್ಬರ್ ಏಪ್ರನ್ ಕಟ್ಟಿಕೊಂಡು ಎಲ್ಲರೂ ಸೇರಿದರು. ಚಾಕು ಮಸೆಯುವ ಸದ್ದು, ಕೈಮಾ ಯಂತ್ರದ ಗುರುಗುರು, ರೇಡಿಯೋ, ಯಾರದೋ ಕೆಮ್ಮು. ನಾನು ಪೈಪು ಹಿಡಿದು ನೆಲ ತೊಳೆಯುತ್ತ ಮೂಲೆಯಲ್ಲಿ ನಿಂತಿದ್ದೆ. ಎಷ್ಟೋ ತಿಂಗಳ ಮೇಲೆ ನನಗೆ ಹಸಿವಾಯಿತು.

ಮಾಂಸ ಹಂಚಲು ಅವರದೊಂದು ಪದ್ಧತಿ ಇದೆ. ಎಲುಬು, ಕೈಮಾ, ಒಳ್ಳೆಯ ತುಂಡು ಎಲ್ಲ ಸೇರಿಸಿ ಮೇಜಿನ ಮೇಲೆ ಸಮ ಸಮ ರಾಶಿ ಹಾಕುತ್ತಾರೆ. ತಂಡದ ಮುಖ್ಯಸ್ಥ, ಹಸು ಸಾಕಿ ನಿವೃತ್ತನಾದ ಉದ್ದನೆಯ ಮುದುಕ, ಗೋಡೆಗೆ ಮುಖ ಮಾಡಿ ನಿಲ್ಲುತ್ತಾನೆ. ಇನ್ನೊಬ್ಬರು ಒಂದು ರಾಶಿ ತೋರಿಸಿ ಇದು ಯಾರಿಗೆ ಎಂದು ಕೇಳುತ್ತಾರೆ. ಅವನು ನೋಡದೆಯೇ ಮನೆಯ ಹೆಸರು ಕೂಗುತ್ತಾನೆ. ಕೆರೆಮನೆ. ಗಿರಣಿ. ಮೇಲಿನ ತೋಟ. ಯಾರಿಗೂ ಹೆಚ್ಚು ಕಡಿಮೆ ಆಯಿತೆಂಬ ಮಾತೇ ಬರುವುದಿಲ್ಲ.

“ಹಳೆ ಶಾಲೆ” ಎಂದು ಕೂಗಿದ.

ನಾನು ಬಂದೂಕು ಹಿಡಿದವಳಲ್ಲ, ತಂಡದವಳೂ ಅಲ್ಲ. “ಅಯ್ಯೋ, ನನಗೆ ಯಾಕೆ, ಬೇಡ ಬೇಡ” ಎಂದೆ. ಖಂಡಿತವಾಗಿಯೂ ಬೇಡವೇ ಎಂದು ಮುದುಕ ಒಂದು ಸಲ ಕೇಳಿದ. ನಾನು ನಗುತ್ತ, ನೀವು ತೆಗೆದುಕೊಳ್ಳಿ ಎಂದೆ. ನಮ್ಮ ಕಡೆ ಮದುವೆ ಊಟದಲ್ಲಿ ಬಡಿಸಲು ಬಂದಾಗ ಕೈ ಅಡ್ಡ ಹಿಡಿಯುವುದು ಉಣ್ಣುವವರ ಮರ್ಯಾದೆ, ಆ ಕೈ ಸರಿಸಿ ಬಡಿಸುವುದು ಬಡಿಸುವವರ ಮರ್ಯಾದೆ. ನಾನು ಕೈ ಅಡ್ಡ ಹಿಡಿದು ಕಾಯುತ್ತಿದ್ದೆ. ಮುದುಕ ತಲೆಯಾಡಿಸಿದ. ಅವರು ನನ್ನ ರಾಶಿಯನ್ನು ಬಿಡಿಸಿ ತಮ್ಮ ತಮ್ಮ ರಾಶಿಗೆ ಹಂಚಿಕೊಂಡರು. ಮೇಜು ತೊಳೆದು, ಧನ್ಯವಾದ ಹೇಳಿ ಹೊರಟುಹೋದರು.

ಆ ವಾರವೆಲ್ಲ ನಾನು ಕುದಿಯುತ್ತಿದ್ದೆ. ಕಲ್ಲು ಹೃದಯದವರು, ನನ್ನ ಬಿಸಿನೀರು ಬೇಕು, ನಾನು ಬೇಡ ಎಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿದೆ. ಭಾನುವಾರ ಮಗಳಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿ ಅತ್ತೆ. ನಾನು ಕನ್ನಡದಲ್ಲಿ ಹೇಳಿದ್ದಕ್ಕೆ ಅವಳು ಎಂದಿನಂತೆ ಸ್ವೀಡಿಷ್‌ನಲ್ಲಿ ಉತ್ತರ ಕೊಟ್ಟಳು.

“ಮಮ್ಮಿ, ಅವರು ಕೇಳಿದರು. ನೀನು ಬೇಡ ಅಂದೆ.”

ಸಿಟ್ಟಿನಿಂದ ಫೋನ್ ಇಟ್ಟುಬಿಟ್ಟೆ.

ತಿಂಗಳ ಕೊನೆಯಲ್ಲಿ ಇನ್ನೊಂದು ಮೂಸ್ ಬಂತು. ಅದೇ ಏಪ್ರನ್ನು, ಅದೇ ರೇಡಿಯೋ. ಮುದುಕ ಗೋಡೆಗೆ ಮುಖ ಮಾಡಿ ಕೂಗತೊಡಗಿದ. ಕೆರೆಮನೆ, ಗಿರಣಿ, ಮೇಲಿನ ತೋಟ ಎಲ್ಲ ಬಂದವು, ರಾಶಿಗಳೆಲ್ಲ ಮುಗಿದವು. ಹಳೆ ಶಾಲೆ ಬರಲಿಲ್ಲ. ನನ್ನ ಕೈಯ ಪೈಪಿನಿಂದ ನೀರು ಸುಮ್ಮನೆ ಹರಿಯುತ್ತಿತ್ತು. ಈಗ ಬಾಯಿ ಬಿಡದಿದ್ದರೆ ಈ ಸದ್ದು ಬರುವ ವರ್ಷ ಇರುವುದಿಲ್ಲ ಎನಿಸಿತು. ನೀರು ನಿಲ್ಲಿಸಿದೆ.

“ನನಗೂ ಒಂದು ಪಾಲು ಬೇಕು” ಎಂದೆ. ಸ್ವೀಡಿಷ್‌ನಲ್ಲಿ ಯಾರ ಹತ್ತಿರವೂ ನಾನು ಹಾಗೆ ನೇರವಾಗಿ ಕೇಳಿದವಳಲ್ಲ.

ಮುದುಕ ತಿರುಗಿದ. “ಅವತ್ತು ನೀನು ಬೇಡ ಅಂದೆ. ನಾವು ಬರುವುದೇ ನಿನಗೆ ಬೇಡವೇನೋ ಅಂದುಕೊಂಡೆವು. ಬರುವ ವರ್ಷಕ್ಕೆ ಬೇರೆ ಜಾಗ ಕೇಳಿದ್ದೇವೆ.”

“ಬೇಡ. ಇಲ್ಲಿಗೇ ಬನ್ನಿ” ಎಂದೆ.

ಅವನು ಆಗಲಿ ಎಂದ. ಎಲ್ಲರೂ ತಮ್ಮ ತಮ್ಮ ರಾಶಿಯಿಂದ ಒಂದಿಷ್ಟು ತೆಗೆದು ಮೇಜಿನ ತುದಿಯಲ್ಲಿ ಹೊಸ ರಾಶಿ ಹಾಕಿದರು. ಮುದುಕ ಮತ್ತೆ ಗೋಡೆಗೆ ಮುಖ ಮಾಡಿ ಮೊದಲಿನಿಂದ ಕೂಗಿದ, ನಿಯಮ ಅಂದರೆ ನಿಯಮ. ಹಳೆ ಶಾಲೆ ಎಂದಾಗ ನಾನು ಅವಸರದಲ್ಲಿ, ಶಾಲೆಯ ಹುಡುಗಿಯ ಹಾಗೆ, ಕೈ ಎತ್ತಿದೆ.

ಪ್ಯಾಕ್ ಮಾಡುವ ಕೆಲಸ ಊರಿಗೆ ಅಂಚೆ ಹಂಚುವ ಹೆಂಗಸಿನದು. ಪ್ಲಾಸ್ಟಿಕ್ ಚೀಲದಿಂದ ಗಾಳಿ ಹೀರುವ ಯಂತ್ರದ ಹಿಂದೆ ನಿಂತು ಅವಳು ಪ್ರತಿಯೊಬ್ಬರನ್ನೂ ಒಂದೇ ಪ್ರಶ್ನೆ ಕೇಳುತ್ತಾಳೆ. ಒಂದು ಹೊತ್ತಿನ ಅಡಿಗೆಗೆ ಎಷ್ಟು ಬೇಕೋ ಅಷ್ಟು ಒಂದು ಚೀಲಕ್ಕೆ ಹಾಕಬೇಕಲ್ಲ. ನನ್ನ ಸರದಿ ಬಂತು.

“ಎಷ್ಟು ಜನರಿಗೆ?” ಎಂದಳು.

ಬಾಯಿ ತೆರೆದೆ. ಹಿಂದೆ ಇದ್ದವರು ಕಾಯುತ್ತಿದ್ದರು. ಅವಳು ಚೀಲದ ಬಾಯಿ ಬಿಡಿಸಿ ಹಿಡಿದುಕೊಂಡೇ ಇದ್ದಳು.

“ಒಬ್ಬಳಿಗೆ” ಎಂದೆ.

ಅವಳು ಎಲ್ಲಕ್ಕಿಂತ ಸಣ್ಣ ಚೀಲಗಳ ಕಟ್ಟು ಬಿಚ್ಚಿದಳು. ಒಂದು ಹಿಡಿ ಮಾಂಸ, ಒಂದು ಚೀಲ. ಅಂಗೈಯಷ್ಟಗಲದ ಪ್ಯಾಕೆಟ್ಟುಗಳು ಬಹಳ ಆದವು. ಎಲ್ಲರೂ ಹೋದ ಮೇಲೆ ಅವನ್ನು ಫ್ರೀಜರಿನಲ್ಲಿ ಒಂದೊಂದಾಗಿ ಜೋಡಿಸಿದೆ.