ತೇಲಿಬಂದ ಕಡಲಕುದುರೆ

ಇಂಗೋಲ್‌ಸ್ಟಾಟ್‌ನಲ್ಲಿ ನಾವು ಬಾಡಿಗೆಗಿದ್ದ ಮನೆಯ ಕೆಳಗಿನ ಅಂತಸ್ತಿನಲ್ಲಿ ಮಾಲಕಿ ಒಬ್ಬರೇ ಇದ್ದರು. ನಿವೃತ್ತ ಶಿಕ್ಷಕಿ. ಜರ್ಮನಿ ಆಗ ಕಂಪ್ಯೂಟರ್ ಎಂಜಿನಿಯರುಗಳಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ನಾನು ಬಂದು ಎರಡನೇ ವರ್ಷ. ಸೊಂಟದ ಆಪರೇಷನ್ನಿಗೆ ಹೊರಟ ಅವರು, "ಮೂರು ವಾರ ನನ್ನ ಎರಡು ಕಡಲಕುದುರೆಗಳನ್ನು ನೋಡಿಕೊಳ್ಳಿ" ಎಂದರು. ನಮ್ಮ ಸಣ್ಣ ಕಂಪನಿಯಲ್ಲಿ ಜನರನ್ನು ತೆಗೆಯುತ್ತಿದ್ದರು. ಕೆಲಸ ಹೋದರೆ ವೀಸಾಕ್ಕೂ ಕುತ್ತು. ಅಂಥದ್ದರಲ್ಲಿ ಇರುವ ಮನೆಯ ಮಾಲಕಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಗಾಜಿನ ತೊಟ್ಟಿಯಲ್ಲಿದ್ದ, ಕುದುರೆಮುಖದ ಆ ಪುಟ್ಟ ಮೀನುಗಳಿಗೆ ಜಠರವೇ ಇಲ್ಲವಂತೆ. ತಿಂದದ್ದು ನಿಲ್ಲುವುದಿಲ್ಲ, ದಿನಕ್ಕೆ ಮೂರು ಸಲ ತಿನ್ನಿಸಬೇಕು. ಮೊಟ್ಟೆಯನ್ನೂ ಮುಟ್ಟದ ನನ್ನ ಹೆಂಡತಿ ಫ್ರೀಜರಿನ ಪುಟ್ಟ ಸೀಗಡಿಗಳನ್ನು ಕರಗಿಸಿ ಚಿಮುಟದಲ್ಲಿ ಹಿಡಿದು ಕೊಡುತ್ತಿದ್ದಳು. ಉಳಿದದ್ದನ್ನು ತೆಗೆಯದಿದ್ದರೆ ನೀರು ಕೆಡುತ್ತಿತ್ತು. ಸೆಕೆ ಏರಿದ ದಿನ ನೀರೂ ಬಿಸಿಯಾಗುತ್ತಿತ್ತು. ಆಫೀಸಿನಿಂದ ಫೋನ್ ಮಾಡಿ ನಾನು ಕೇಳುತ್ತಿದ್ದದ್ದು ಒಂದೇ: "ಎರಡೂ ಅದಾವೇನು?"

ಎರಡನೇ ಶನಿವಾರ ಮಧ್ಯಾಹ್ನ ಕೆಳಗಿನಿಂದ ಅವಳು ಕೂಗಿದಳು. ಗಂಡು ಕಡಲಕುದುರೆ ಬಾಲ ಮೇಲಾಗಿ ನೀರಿನ ಮೇಲೆ ತೇಲುತ್ತಿತ್ತು. ಇವುಗಳಲ್ಲಿ ಮರಿಗಳನ್ನು ಹೊರುವುದು ಗಂಡೇ; ಅದರ ಹೊಟ್ಟೆಯ ಚೀಲದಲ್ಲಿ ಗಾಳಿ ತುಂಬಿ ಉಬ್ಬಿತ್ತು. ಕೆಳಗಿಳಿಯಲು ಒದ್ದಾಡುತ್ತಿತ್ತು.

"ಏನಾಗ್ತದ ನೋಡಿ ಆಮ್ಯಾಲೆ ಹೇಳೋಣ" ಎಂದೆ.

"ಬ್ಯಾಡ್ರಿ. ಇನ್ನೂ ಜೀವ ಅದ. ಈಗ ಫೋನ್ ಹಚ್ರಿ."

ಆಸ್ಪತ್ರೆಯ ಹಾಸಿಗೆಯಿಂದ ಮಾಲಕಿ ಪಾಠ ಹೇಳುವ ದನಿಯಲ್ಲಿ, "ಉಗುರು ಕತ್ತರಿಸಿ. ಕೈ ತೊಳೆಯಿರಿ, ಸೋಪು ಬೇಡ. ನೀರಿನೊಳಗೇ ಹಿಡಿದು ಚೀಲವನ್ನು ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಒತ್ತಿ" ಎಂದರು.

ಹೆಂಡತಿ ಫೋನ್ ಹಿಡಿದು ನಿಂತಳು. ನಾನು ಕೈ ಇಳಿಸಿದೆ. ಅದು ಬಾಲವನ್ನು ನನ್ನ ಕಿರುಬೆರಳಿಗೆ ಸುತ್ತಿಕೊಂಡಿತು. ಒತ್ತಿದರೆ ಮುರಿದೀತು, ಬಿಟ್ಟರೆ ಸತ್ತೀತು. ಕಣ್ಣು ಮುಚ್ಚಿ ಒತ್ತಿದೆ. ಒಂದು ಗುಳ್ಳೆ ಹೊರಬಂತು, ಮತ್ತೊಂದು. ಬೆರಳು ಬಿಟ್ಟ ಅದು ತಳಕ್ಕೆ ಹೋಗಿ ಅಲುಗಾಡದೆ ಬಿದ್ದುಕೊಂಡಿತು. ಕೊಂದೆನೆಂದೇ ತಿಳಿದೆ. ಎಷ್ಟೋ ಹೊತ್ತಿನ ಮೇಲೆ ಮೆಲ್ಲಗೆ ಎದ್ದು ಒಂದು ಗಿಡಕ್ಕೆ ಬಾಲ ಸುತ್ತಿತು.

ಆ ಮೂರು ವಾರದಲ್ಲಿ ಇನ್ನೆರಡು ಸಲ ಹಾಗೇ ಆಯಿತು. ಕೈ ಕಲಿಯಿತು, ಭಯ ಕಡಿಮೆಯಾಗಲಿಲ್ಲ.

ಊರುಗೋಲು ಹಿಡಿದು ಬಂದ ಮಾಲಕಿ ಕೋಟನ್ನೂ ತೆಗೆಯದೆ ತೊಟ್ಟಿಯ ಮುಂದೆ ಕೂತರು. "ಇದೇ ರೋಗಕ್ಕೆ ಮೊದಲು ಎರಡು ಹೋಗಿವೆ. ಹೇಳಿದ್ದರೆ ನೀವು ಒಪ್ಪುತ್ತಿರಲಿಲ್ಲ" ಎಂದರು.

ಚಳಿ ಶುರುವಾದಾಗ ಮತ್ತೆ ಗಾಳಿ ತುಂಬಿ, ಆ ಗಂಡು ಅವರ ಕೈಯಲ್ಲೇ ಸತ್ತಿತು. ನೋವಿನ ಕಾಲಿನಲ್ಲಿ ಮೆಟ್ಟಿಲು ಹತ್ತಿ ಬಂದು, ನಮ್ಮ ಅಡುಗೆಮನೆಯ ಕುರ್ಚಿಯಲ್ಲಿ ಕೂತು, "ನಾನು ಜೋರಾಗಿ ಒತ್ತಿದೆನೇನೋ?" ಎಂದು ನನ್ನನ್ನು ಕೇಳಿದರು. ಹೆಂಡತಿ ಅವರ ಪಕ್ಕ ಕೂತು ಕೈ ಹಿಡಿದುಕೊಂಡಳು.